ಟಿಪಿ-ಲಿಂಕ್ ಆರ್ಚರ್ ಸಿ6 ವೈಫೈ ರೂಟರ್: ಆರು ತಿಂಗಳು ಬಳಸಿದ ಮೇಲೆ

ನಮ್ಮ ಮನೆ ಮೈಸೂರಿನ ಕುವೆಂಪುನಗರದಲ್ಲಿದೆ. ಹಳೇ ಮನೆ, ಒಂಬತ್ತು ಇಂಚಿನ ಇಟ್ಟಿಗೆ ಗೋಡೆ. 200 ಎಂಬಿಪಿಎಸ್ ಫೈಬರ್ ಪ್ಲಾನ್‌ಗೆ ತಿಂಗಳು ತಿಂಗಳು ದುಡ್ಡು ಕಟ್ಟುತ್ತಿದ್ದೆವು, ಆದರೆ ಹಿಂದಿನ ರೂಮಿನಲ್ಲಿ ಕೂತು ಆಫೀಸ್ ಕೆಲಸ ಮಾಡುವ ತಂಗಿಗೆ ಸಿಗುತ್ತಿದ್ದದ್ದು 8, ಜಾಸ್ತಿ ಅಂದರೆ 10. ಮೀಟಿಂಗ್ ಮಧ್ಯೆ ವಿಡಿಯೊ ನಿಂತುಹೋಗುತ್ತಿತ್ತು, ಅವಳು ಲ್ಯಾಪ್‌ಟಾಪ್ ಎತ್ತಿಕೊಂಡು ಹಾಲ್‌ಗೆ ಓಡಿ ಬರುತ್ತಿದ್ದಳು. ಕಸ್ಟಮರ್ ಕೇರ್‌ಗೆ ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ಒಂದೇ ಮಾತು, ‘ರೂಟರ್ ಆಫ್ ಮಾಡಿ ಆನ್ ಮಾಡಿ ಸರ್’.

ಕೊನೆಗೆ ಒಂದು ಭಾನುವಾರ ನಾನೇ ಕೂತೆ. ಫೈಬರ್ ಬಂದು ಸೇರುವ ಡಬ್ಬಿಯಿಂದ ಸೀದಾ ಲ್ಯಾಪ್‌ಟಾಪ್‌ಗೆ ಲ್ಯಾನ್ ಕೇಬಲ್ ಹಾಕಿ ನೋಡಿದೆ, 196 ಬಂತು. ಅಂದರೆ ಲೈನ್ ಸರಿಯಾಗಿದೆ ಅಲ್ವಾ? ಮಧ್ಯೆ ಇಂಟರ್ನೆಟ್ ಕಂಪನಿಯವರು ಕೊಟ್ಟಿದ್ದ ರೂಟರ್ ಇಟ್ಟು ನೋಡಿದರೆ 94. ಎಷ್ಟು ಸಲ ನೋಡಿದರೂ 94. ಪ್ಲಾನ್ 200 ಇದ್ದೂ ನಿಮ್ಮ ಮನೆಯಲ್ಲಿ 94-95ರ ಹತ್ತಿರವೇ ನಿಲ್ಲುತ್ತಿದ್ದರೆ ರೂಟರ್‌ನ ಪೋರ್ಟ್ (ಕೇಬಲ್ ಚುಚ್ಚುವ ಜಾಗ) ಬರೀ 100 ಎಂಬಿಪಿಎಸ್‌ದು ಇರಬಹುದು, ಇಲ್ಲವೇ ಕೇಬಲ್ ಒಳಗಿನ ಎಂಟು ತಂತಿಗಳಲ್ಲಿ ನಾಲ್ಕಕ್ಕೆ ಮಾತ್ರ ಸಂಪರ್ಕ ಸಿಕ್ಕಿರಬಹುದು. ಸಾಲದ್ದಕ್ಕೆ ಆ ರೂಟರ್‌ನಲ್ಲಿ ವೈಫೈಗೆ 2.4 ಗಿಗಾಹರ್ಟ್ಸ್ ಬ್ಯಾಂಡ್ (ರೇಡಿಯೊ ತರಂಗದ ದಾರಿ) ಒಂದೇ ಇತ್ತು. ಅಕ್ಕಪಕ್ಕದ ಎಲ್ಲ ಮನೆಗಳ ವೈಫೈಯೂ ಅದೇ ಜಾಗದಲ್ಲಿ ಗುದ್ದಾಡುತ್ತದೆ, ಮೈಕ್ರೋವೇವ್ ಓವನ್ ಕೂಡ.

ಆಮೇಲೆ ತಂದದ್ದು ಈ ಆರ್ಚರ್ ಸಿ6. ಎಲ್ಲ ಪೋರ್ಟ್‌ಗಳೂ ಗಿಗಾಬಿಟ್, ಅಂದರೆ 1000 ಎಂಬಿಪಿಎಸ್‌ನವು, 2.4 ಮತ್ತು 5 ಗಿಗಾಹರ್ಟ್ಸ್ ಎರಡೂ ಬ್ಯಾಂಡ್ ಇವೆ. ಡಬ್ಬದ ಮೇಲಿನ 1200 ಅನ್ನೋ ಅಂಕಿ ಎರಡೂ ಬ್ಯಾಂಡ್ ಕೂಡಿಸಿ ಹೇಳಿದ್ದು, ಅದು ಒಂದು ಫೋನಿಗೆ ಸಿಗುವ ಸ್ಪೀಡ್ ಅಲ್ಲ. ಹೆಸರಿನಲ್ಲಿ 6 ಇದ್ದರೂ ಇದು ವೈಫೈ 6 ಅಲ್ಲ, ಅದಕ್ಕಿಂತ ಹಿಂದಿನ ತಲೆಮಾರಿನ ವೈಫೈ 5. ನಮ್ಮ 200ರ ಪ್ಲಾನ್‌ಗೆ ಧಾರಾಳವಾಗಿ ಸಾಕು.

ಆದರೆ ರೂಟರ್ ಬದಲಾಯಿಸಿದಷ್ಟೇ ಉಪಯೋಗ ಜಾಗ ಬದಲಾಯಿಸಿದ್ದರಿಂದಲೂ ಆಯಿತು. ಹಳೆಯದು ಟಿವಿ ಹಿಂದೆ, ಕಬ್ಬಿಣದ ಬೀರುವಿಗೆ ಅಂಟಿಕೊಂಡಂತೆ ಕೂತಿತ್ತು, ಮೇಲೆ ಒಂದು ಬೆರಳು ಧೂಳು. ಬೀರುವಿನ ತಗಡು ಸಿಗ್ನಲ್ಲನ್ನು ತಡೆದುಬಿಡುತ್ತದೆ. ಹೊಸದನ್ನು ಮನೆಯ ನಡುವಿನ ಪ್ಯಾಸೇಜ್‌ನಲ್ಲಿ, ಬಾಗಿಲ ಚೌಕಟ್ಟಿನ ಎತ್ತರಕ್ಕೆ ಮೊಳೆ ಹೊಡೆದು ತೂಗುಹಾಕಿದೆ. ಈಗ ಹಾಲ್‌ನಲ್ಲಿ 5 ಗಿಗಾಹರ್ಟ್ಸ್‌ನಲ್ಲಿ 180 ಬರುತ್ತದೆ, ಒಂದು ಗೋಡೆ ದಾಟಿದರೆ 120. ಎರಡು ಗೋಡೆ ದಾಟಿದ ಅಡುಗೆಮನೆಯಲ್ಲಿ 5 ಗಿಗಾಹರ್ಟ್ಸ್ ಸಿಗ್ನಲ್ ನಿಲ್ಲುವುದೇ ಇಲ್ಲ, 2.4ರಲ್ಲಿ 35 ಸಿಗುತ್ತದೆ. ಅಮ್ಮ ಒಗ್ಗರಣೆ ಹಾಕುತ್ತಾ ಅಕ್ಕನ ಜೊತೆ ವಿಡಿಯೊ ಕಾಲ್‌ನಲ್ಲಿ ಮಾತಾಡೋಕೆ ಅಷ್ಟು ಸಾಕು. ಎರಡು ಬ್ಯಾಂಡ್‌ಗೂ ಬೇರೆ ಬೇರೆ ಹೆಸರು ಕೊಟ್ಟಿದ್ದೇನೆ, ಯಾವುದಕ್ಕೆ ಸೇರಿದ್ದೇವೆ ಅಂತ ಗೊತ್ತಾಗಲಿ ಎಂದು.

ತಂಗಿಯ ರೂಮ್ ಮಾತ್ರ ತೀರಾ ಹಿಂದೆ. ಅಂಗಡಿಯಲ್ಲಿ ರಿಪೀಟರ್ (ವೈಫೈ ಸಿಗ್ನಲ್ ಹಿಡಿದು ಮುಂದಕ್ಕೆ ಕಳಿಸುವ ಡಬ್ಬಿ) ತಗೊಳ್ಳಿ ಅಂದರು, ಬೇಡ ಅಂದೆ. ಒಂದೇ ಬ್ಯಾಂಡಿನ ಅಗ್ಗದ ರಿಪೀಟರ್ ಅದೇ ಗಾಳಿಯಲ್ಲಿ ತೆಗೆದುಕೊಂಡು ಅದೇ ಗಾಳಿಯಲ್ಲಿ ಕೊಡಬೇಕು, ಸ್ಪೀಡ್ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಅದರ ಬದಲು ಗೋಡೆಯ ಅಂಚಿನಲ್ಲಿ ಕೇಬಲ್ ಎಳೆದು ಅವಳ ಮೇಜಿನವರೆಗೆ ತಂದೆ. ಸಿ6ರ ಒಂದು ಪೋರ್ಟ್‌ನಿಂದ ಸೀದಾ ಲ್ಯಾಪ್‌ಟಾಪ್‌ಗೆ. ಅಲ್ಲಿ ಈಗ 190ಕ್ಕೆ ಕಮ್ಮಿ ಬಂದದ್ದನ್ನು ನಾನು ನೋಡಿಲ್ಲ, ಅವಳು ಮೀಟಿಂಗ್ ಇದ್ದಾಗ ರೂಮಿನ ಬಾಗಿಲು ಹಾಕಿಕೊಂಡೇ ಕೂರುತ್ತಾಳೆ.