ಫ್ರೀಬಿಎಸ್‌ಡಿ ಜೈಲ್: ಗೋಡೆ ಗಟ್ಟಿ, ನೆಟ್‌ವರ್ಕ್ ಕಡೆ ಎಚ್ಚರ

2000ದಲ್ಲಿ ಯುನಿಕ್ಸ್ ಮಾದರಿಯ ಆಪರೇಟಿಂಗ್ ಸಿಸ್ಟಂ ಫ್ರೀಬಿಎಸ್‌ಡಿ 4.0 ಜೊತೆ ಬಂದ ಜೈಲ್, ಒಂದೇ ಕರ್ನಲ್ (ಸಿಸ್ಟಂನ ತಿರುಳು) ಮೇಲೆ ಸರ್ವರ್‌ಗಳನ್ನು ಬೇರೆ ಬೇರೆ ಇಡಲು ಇವತ್ತಿಗೂ ನಾವು ಮೊದಲು ಹೇಳುವ ಹೆಸರು. ಹಳೆಯ ಸಿಎಚ್‌ರೂಟ್ ಆಜ್ಞೆ ಬರೀ ಫೈಲುಗಳ ದಾರಿ ಕಟ್ಟುತ್ತದೆ. ಜೈಲ್ ಪ್ರೋಸೆಸ್‌ಗೂ ನೆಟ್‌ವರ್ಕ್‌ಗೂ ಬೇಲಿ ಹಾಕುತ್ತದೆ.

ಹೊಂದಿಸುವುದು ಸುಲಭ. ಬೇಸ್ ಆರ್ಕೈವನ್ನು (ಫ್ರೀಬಿಎಸ್‌ಡಿಯ ಮೂಲ ಫೈಲುಗಳ ಕಟ್ಟು) ಒಂದು ಡೈರೆಕ್ಟರಿಯಲ್ಲಿ ಬಿಚ್ಚಿ, ಡಿಎನ್‌ಎಸ್ ಸರ್ವರ್ ಯಾವುದೆಂದು ಹೇಳುವ ರಿಸಾಲ್ವ್.ಕಾನ್ಫ್ ನಕಲು ಮಾಡಿ (ಇದನ್ನು ಮರೆತರೆ ಒಳಗೆ ಪ್ಯಾಕೇಜ್ ಇಳಿಯುವುದಿಲ್ಲ), ಸೆಟ್ಟಿಂಗ್ ಫೈಲಾದ ಜೈಲ್.ಕಾನ್ಫ್‌ನಲ್ಲಿ ಪಾತ್, ಹೋಸ್ಟ್‌ನೇಮ್, ಐಪಿ ಬರೆಯಬೇಕು.

ಕಲಿಯುವವರು ಒದ್ದಾಡುವುದು ನೆಟ್‌ವರ್ಕ್‌ನಲ್ಲೇ. ಜೈಲಿನೊಳಗಿಂದ ಪಿಂಗ್ ಕೊಟ್ಟರೆ ‘ಆಪರೇಷನ್ ನಾಟ್ ಪರ್ಮಿಟೆಡ್’ ಬರುತ್ತದೆ. ಪಿಂಗ್‌ಗೆ ಬೇಕಾದ ರಾ ಸಾಕೆಟ್‌ಗೆ ಅನುಮತಿ ಕೊಟ್ಟಿಲ್ಲ ಅಷ್ಟೇ, ನೆಟ್‌ವರ್ಕ್ ಕೆಟ್ಟಿಲ್ಲ. ನಿಜವಾದ ಅಪಾಯ ಬೇರೆ. ವಿನೆಟ್ (ಜೈಲಿಗೇ ಸ್ವಂತ ನೆಟ್‌ವರ್ಕ್ ಕೊಡುವ ಸೌಲಭ್ಯ) ಇಲ್ಲದ ಜೈಲಿನಲ್ಲಿ 127.0.0.1 (ಲೋಕಲ್‌ಹೋಸ್ಟ್) ಎಂದರೆ ಜೈಲಿನ ಸ್ವಂತ ಐಪಿ. ಲೋಕಲ್‌ಹೋಸ್ಟ್‌ಗೆ ಮಾತ್ರ ಎಂದು ನಂಬಿಕೊಂಡ ಡೇಟಾಬೇಸ್ ಹೊರಗಿನವರಿಗೂ ಸಿಗಬಹುದು. ಹೋಸ್ಟ್‌ನ (ಜೈಲ್ ಇಟ್ಟಿರುವ ಯಂತ್ರದ) ಎಸ್‌ಎಸ್‌ಎಚ್, ಅಂದರೆ ದೂರದಿಂದ ಲಾಗಿನ್ ಆಗುವ ಸೇವೆ, ಎಲ್ಲ ವಿಳಾಸಗಳಲ್ಲೂ ಕಾಯುತ್ತಿದ್ದರೆ, ಜೈಲಿನೊಳಗೆ ಎಸ್‌ಎಸ್‌ಎಚ್ ಇಲ್ಲದಾಗ ಜೈಲಿನ ಐಪಿಗೂ ಹೋಸ್ಟೇ ಓಗೊಡುತ್ತದೆ. ಹೋಸ್ಟ್‌ನ ಎಸ್‌ಎಸ್‌ಎಚ್ ಸೆಟ್ಟಿಂಗ್‌ನ ಲಿಸನ್‌ಅಡ್ರೆಸ್‌ನಲ್ಲಿ ಹೋಸ್ಟ್ ಐಪಿ ಮಾತ್ರ ಬರೆದು, ಯಾವ ಸೇವೆ ಎಲ್ಲಿ ಕಾಯುತ್ತಿದೆ ಎಂದು ತೋರಿಸುವ ಸಾಕ್‌ಸ್ಟಾಟ್‌ನಲ್ಲಿ ನೋಡಿ ಖಚಿತಮಾಡಿಕೊಳ್ಳಿ. ಫ್ರೀಬಿಎಸ್‌ಡಿ 12.0ರಿಂದ ವಿನೆಟ್ ಜೆನೆರಿಕ್ (ಸಿಸ್ಟಂ ಜೊತೆಗೇ ಬರುವ) ಕರ್ನಲ್‌ನಲ್ಲೇ ಇದೆ. ಡೇಟಾಬೇಸ್ ಇಡುವುದಿದ್ದರೆ ಅದನ್ನೇ ಬಳಸಿ.