ಹೂಮಳೆಗೆ ಮೊದಲು ನಾಗರಹೊಳೆ, ಮಳೆಗಾಲ ಕಳೆದ ಮೇಲೆ ಬ್ರಹ್ಮಗಿರಿ

ನಮ್ಮ ತೋಟ ಇರುವುದು ದಕ್ಷಿಣ ಕೊಡಗಿನಲ್ಲಿ. ನಾಗರಹೊಳೆ ಕಾಡಿಗೆ ಕುಟ್ಟದ ಕಡೆಯಿಂದ ಹೋಗುವ ನಾಣಚ್ಚಿ ಗೇಟಿಗೂ ಹತ್ತಿರ, ಇರ್ಪು ಜಲಪಾತಕ್ಕೂ ಹತ್ತಿರ. ಮೈಸೂರಿನಿಂದ ಅಕ್ಕ ಮಗನನ್ನು ಕರೆದುಕೊಂಡು ಬಂದಾಗಲೆಲ್ಲ ಒಂದೇ ಪ್ರಶ್ನೆ: ನಾಗರಹೊಳೆಯ ಸಫಾರಿಗೋ, ಬ್ರಹ್ಮಗಿರಿ ಬೆಟ್ಟಕ್ಕೋ? ಕಳೆದ ವರ್ಷ ಎರಡೂ ಕಡೆ ಎರಡೆರಡು ಸಲ, ಬೇರೆ ಬೇರೆ ಕಾಲದಲ್ಲಿ ಹೋಗಿ ಬಂದೆ.

ನಾಗರಹೊಳೆಗೆ ಮೊದಲ ಸಲ ಹೋದದ್ದು ಫೆಬ್ರವರಿ ಕೊನೆಯಲ್ಲಿ. ತೇಗದ ಮರಗಳು ಎಲೆ ಉದುರಿಸಿ ಬೋಳಾಗಿದ್ದವು. ಕಾಡ್ಗಿಚ್ಚು ಹರಡದಂತೆ ಬೆಂಕಿ ರೇಖೆಗೆಂದು ರಸ್ತೆಯ ಎರಡೂ ಬದಿ ಸುಟ್ಟಿದ್ದರಿಂದ ನೋಟ ಕಾಡಿನೊಳಗೆ ದೂರ ಹೋಗುತ್ತಿತ್ತು. ಎಲ್ಲ ಒಣಗಿದ್ದರೂ ಹಡ್ಲು ಮಾತ್ರ ಹಸಿರು. ತಗ್ಗಿನಲ್ಲಿ ನೀರು ನಿಂತು ಜೌಗಾಗುವ ಈ ಹುಲ್ಲುಬಯಲೇ ಬೇಸಿಗೆಯಲ್ಲಿ ಪ್ರಾಣಿಗಳ ಊಟದ ಮನೆ. ಒಂದೇ ಹಡ್ಲಿನಲ್ಲಿ ಜಿಂಕೆ ಹಿಂಡು, ಹನ್ನೊಂದು ಕಾಟಿ (ಕಾಡುಕೋಣ), ಅಂಚಿನಲ್ಲಿ ಮರಿಯೊಡನೆ ಆನೆ. ಹುಲಿ ಕಾಣಲಿಲ್ಲ. ಕಡವೆಯೊಂದು ಎಚ್ಚರಿಕೆಯ ಕೂಗು ಹಾಕಿದಾಗ ಜೀಪಿನಲ್ಲಿದ್ದವರೆಲ್ಲ ಉಸಿರು ಬಿಗಿಹಿಡಿದು ಕೂತದ್ದು ಮಾತ್ರ ನೆನಪಿದೆ.

ಎರಡನೆಯ ಸಲ ಏಪ್ರಿಲ್ ಕೊನೆ. ಅಷ್ಟರಲ್ಲಿ ಕಾಫಿ ಹೂ ಅರಳಿಸುವ ಬೇಸಿಗೆ ಮಳೆ, ನಮ್ಮ ಹೂಮಳೆ, ಎರಡು ಸಲ ಬಿದ್ದು, ತೋಟ ಹೂ ಬಿಟ್ಟು ನಾವೆಲ್ಲ ನೆಮ್ಮದಿಯಲ್ಲಿದ್ದೆವು. ಅದೇ ಮಳೆಗೆ ಕಾಡಿನ ತುಂಬ ಹುಲ್ಲು ಚಿಗುರಿ, ಹಳ್ಳಗುಂಡಿಗಳಲ್ಲೆಲ್ಲ ನೀರು ನಿಂತಿತ್ತು. ಪ್ರಾಣಿಗಳಿಗೆ ಹಡ್ಲಿಗೇ ಬರಬೇಕೆಂಬ ಹಂಗಿಲ್ಲ. ಲಂಟಾನ ಎಂಬ ಕಳೆಪೊದೆಯೂ ಹಸಿರಾಗಿ ಗೋಡೆ ಕಟ್ಟಿತ್ತು. ಲಂಟಾನ ದಟ್ಟವಾದಲ್ಲಿ ಬುಡದಲ್ಲಿ ಹುಲ್ಲು ಬೆಳೆಯುವುದಿಲ್ಲ. ಅದನ್ನು ಕಿತ್ತು ತೆರವು ಮಾಡಿದ ಒಂದು ತುಂಡು ಜಾಗದಲ್ಲಿ ಹುಲ್ಲು ಎದ್ದಿತ್ತು, ಆ ದಿನ ನಾವು ಕಂಡ ಜಿಂಕೆಗಳೆಲ್ಲ ಅಲ್ಲೇ ಇದ್ದವು. ಈ ಕೆಲಸಕ್ಕೆ ಇನ್ನಷ್ಟು ಜನ, ಇನ್ನಷ್ಟು ಹಣ ಸಿಗಬೇಕು ಎಂದು ಅಲ್ಲಿ ಬಲವಾಗಿ ಅನಿಸಿತು. "ಮಾಮ, ಆನೆ ಎಲ್ಲಿ?" ಎಂದು ಹುಡುಗ ಗೇಟು ದಾಟುವವರೆಗೂ ಕೇಳುತ್ತಿದ್ದ.

ಬ್ರಹ್ಮಗಿರಿಯ ಲೆಕ್ಕ ಬೇರೆ. ಇಲ್ಲಿ ಅನುಮತಿ ಪಡೆದು ಮಾರ್ಗದರ್ಶಿಯ ಜೊತೆ ನಡೆಯಬೇಕು. ಬೇಸಿಗೆಯಲ್ಲಿ ಬೆಂಕಿಯ ಭಯಕ್ಕೆ ದಾರಿ ಮುಚ್ಚುವುದೂ ಉಂಟು. ಅಕ್ಟೋಬರ್ ಮೊದಲಲ್ಲಿ ಹೋದಾಗ ಕಾಲ್ಚೀಲದ ತುಂಬ ಜಿಗಣೆ, ಮೇಲೆ ಬರೀ ಮಂಜು. ಡಿಸೆಂಬರಿನಲ್ಲಿ ಮತ್ತೆ ಹೋದೆ. ಇರ್ಪುವಿನಿಂದ ಕಾಡೊಳಗೆ ಏರಿ ನರಿಮಲೆಯ ಅರಣ್ಯ ಶಿಬಿರ ದಾಟಿದರೆ ಹುಲ್ಲಿನ ಬಯಲು ಬೆಟ್ಟ, ಅದರ ಮಡಿಲುಗಳಲ್ಲಿ ಶೋಲಾ, ಅಂದರೆ ಸದಾ ಹಸಿರಾದ ದಟ್ಟ ಕಾಡಿನ ತುಂಡುಗಳು. 1608 ಮೀಟರ್ ಎತ್ತರದ ತುದಿಯಲ್ಲಿ ನಿಂತರೆ ಆಚೆ ಕೇರಳ. ಕಂಡ ಪ್ರಾಣಿ ಒಂದು ಕೆಂದಳಿಲು, ಅಷ್ಟೆ. ಉಳಿದದ್ದು ಗುರುತುಗಳು: ಆನೆಯ ಲದ್ದಿ, ಕಾಟಿಯ ಗೊರಸು. ಆದರೆ ಲಕ್ಷ್ಮಣತೀರ್ಥ ಹೊಳೆಯ ನೀರು ಎಲ್ಲಿಂದ ಬರುತ್ತದೆ ಎಂಬುದು ಕಾಲಿಗೇ ತಿಳಿಯಿತು. ಹುಲ್ಲೂ ಶೋಲಾವೂ ಹಿಡಿದಿಟ್ಟ ಮಳೆ ಡಿಸೆಂಬರಿನಲ್ಲೂ ತೊರೆಯಾಗಿ ಹರಿಯುತ್ತಿತ್ತು.

ದುಬಾರೆಯನ್ನು ಇವುಗಳ ಪಕ್ಕ ಇಡಲಾರೆ. ಅದು ಸಾಕಾನೆಗಳ ಶಿಬಿರ, ಸಣ್ಣ ಮಕ್ಕಳಿಗೆ ಚೆನ್ನ.

ನನ್ನನ್ನು ಕೇಳಿದರೆ ಡಿಸೆಂಬರಿನ ಬ್ರಹ್ಮಗಿರಿ. ಮಗುವಿದ್ದರೆ, ಪ್ರಾಣಿ ಕಾಣಲೇಬೇಕೆಂದರೆ, ಹೂಮಳೆಗೆ ಮೊದಲಿನ ನಾಗರಹೊಳೆ. ತೊಂದರೆ ಎಂದರೆ ಶಾಲೆಗೆ ರಜೆ ಸಿಗುವುದು ಏಪ್ರಿಲಿನಲ್ಲಿ. ಹಾಗಾಗಿ ಈ ಸಲ ಅಕ್ಕನಿಗೆ ಮೊದಲೇ ಹೇಳಿಟ್ಟಿದ್ದೇನೆ: "ರಜೆಗೆ ಕಾಯಬೇಡ, ಫೆಬ್ರವರಿಯಲ್ಲೇ ಒಂದು ಶನಿವಾರ ಹುಡುಗನನ್ನು ಕರಕೊಂಡು ಬಾ."