ಉಯಿಲು ನೋಂದಣಿಯಾಗಿದೆ ಎಂಬ ಧೈರ್ಯದಲ್ಲಿ ಪ್ರೊಬೇಟ್‌ಗೆ ಹೋಗಬೇಡಿ

ಉಯಿಲಿನಲ್ಲಿ ಎಕ್ಸಿಕ್ಯೂಟರ್ (ಉಯಿಲನ್ನು ಜಾರಿಗೆ ತರಲು ಅದರಲ್ಲೇ ನೇಮಿಸಿದವರು) ಹೆಸರು ಸ್ಪಷ್ಟವಾಗಿದೆ, ಉಪ ನೋಂದಣಾಧಿಕಾರಿಯ ಮೊಹರು ಬಿದ್ದಿದೆ, ತಕರಾರು ತೆಗೆದಿರುವುದೂ ಒಬ್ಬನೇ ವಾರಸುದಾರ. ಇಷ್ಟೆಲ್ಲ ಇದ್ದೂ ಪ್ರೊಬೇಟ್, ಅಂದರೆ ಉಯಿಲು ಸಾಬೀತಾಗಿದೆ ಎಂದು ಕೋರ್ಟ್ ಕೊಡುವ ದೃಢೀಕರಣ, ಕೋರಿದ ಅರ್ಜಿ ವಜಾ ಆಗಬಹುದು. ಪೆಟ್ಟು ಬೀಳುವುದು ಸಾಕ್ಷಿ ಕಟಕಟೆಯಲ್ಲಿ.

ಸುಪ್ರೀಂ ಕೋರ್ಟ್ 2002ರ ಡಿಸೆಂಬರ್‌ನಲ್ಲಿ ತೀರ್ಮಾನಿಸಿದ ಜಾನಕಿ ನಾರಾಯಣ ಭೋಯಿರ್ ಪ್ರಕರಣವನ್ನೇ ನೋಡಿ. ಉಯಿಲಿಗೆ ಸಾಕ್ಷಿ ಹಾಕಿದ್ದವರು ಇಬ್ಬರು, ಕೋರ್ಟಿಗೆ ಕರೆತಂದದ್ದು ಒಬ್ಬರನ್ನು. ಕಾನೂನು ಕೇಳುವುದೂ ಕನಿಷ್ಠ ಒಬ್ಬರನ್ನೇ. ಆದರೆ ಬಂದವರ ಹೇಳಿಕೆಯಿಂದ ಇನ್ನೊಬ್ಬ ಸಾಕ್ಷಿ ರುಜು ಹಾಕಿದ್ದು ಸಾಬೀತಾಗಲಿಲ್ಲ. ಆ ಇನ್ನೊಬ್ಬರು ಬದುಕಿದ್ದರೂ ಅವರ ವಿಚಾರಣೆ ನಡೆಯಲಿಲ್ಲ. ಉಯಿಲು ಬಿದ್ದುಹೋಯಿತು.

ಕಾರಣ, ಭಾರತೀಯ ಉತ್ತರಾಧಿಕಾರ ಕಾಯ್ದೆ 1925ರ 63ನೇ ಕಲಂ. ಉಯಿಲು ಮಾಡಿದವರು ರುಜು ಅಥವಾ ಹೆಬ್ಬೆಟ್ಟು ಹಾಕಿದ್ದನ್ನು ಪ್ರತಿಯೊಬ್ಬ ಸಾಕ್ಷಿಯೂ ಕಣ್ಣಾರೆ ನೋಡಿರಬೇಕು, ಇಲ್ಲವೇ ‘ಇದು ನನ್ನ ರುಜು’ ಎಂದು ಅವರೇ ಆ ಸಾಕ್ಷಿಗೆ ಒಪ್ಪಿ ಹೇಳಿರಬೇಕು. ಆಮೇಲೆ ಸಾಕ್ಷಿ ಅವರೆದುರಿಗೇ ರುಜು ಹಾಕಿರಬೇಕು. ಇಬ್ಬರು ಸಾಕ್ಷಿಗಳೂ ಒಂದೇ ಹೊತ್ತಿಗೆ ಅಲ್ಲಿರಬೇಕೆಂದಿಲ್ಲ. ಆದರೆ ಒಬ್ಬರನ್ನೇ ಕರೆಸುವುದಾದರೆ ಅವರ ಬಾಯಿಂದ ಇಬ್ಬರ ಸಂಗತಿಯೂ ಬರಬೇಕು. ಮುಖ್ಯ ವಿಚಾರಣೆಯ ಪ್ರಮಾಣಪತ್ರದಲ್ಲಿ (ಅಫಿಡವಿಟ್) ‘ಉಯಿಲಿಗೆ ನಾನು ಸಾಕ್ಷಿ ಹಾಕಿದ್ದೇನೆ’ ಎಂದಷ್ಟೇ ಬರೆಸಿ ಕೈತೊಳೆದುಕೊಂಡರೆ ಪಾಟೀ ಸವಾಲಿನಲ್ಲಿ ಅದು ನಿಲ್ಲುವುದಿಲ್ಲ. ಅವರಿಗೆ ನಿಜಕ್ಕೂ ಇನ್ನೊಬ್ಬರ ವಿಷಯ ಗೊತ್ತಿಲ್ಲದಿದ್ದರೆ ಇನ್ನೊಬ್ಬರನ್ನೂ ಕರೆಸಿ. ಗೊತ್ತಿಲ್ಲದ್ದನ್ನು ಹೇಳಿಸಲು ಹೋಗಬೇಡಿ.

ನೋಂದಣಿಯಿಂದ ಈ ಕೆಲಸ ತಪ್ಪುತ್ತದೆ ಎಂಬುದು ಬಹಳ ಜನರ ನಂಬಿಕೆ. ತಪ್ಪುವುದಿಲ್ಲ. ಬೇರೆ ನೋಂದಾಯಿತ ಪತ್ರಗಳಿಗೆ ಇರುವ ವಿನಾಯಿತಿಯಿಂದ ಉಯಿಲನ್ನು ಸಾಕ್ಷ್ಯ ಕಾನೂನೇ ಹೊರಗಿಟ್ಟಿದೆ (ಈಗ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 67ನೇ ಕಲಂ, ಹಿಂದಿನ ಸಾಕ್ಷ್ಯ ಕಾಯ್ದೆಯಲ್ಲಿ 68). ಪತ್ರ ಬರೆದವರಾಗಲಿ, ಉಪ ನೋಂದಣಾಧಿಕಾರಿಯಾಗಲಿ ತಂತಮ್ಮ ಕೆಲಸದ ಭಾಗವಾಗಿ ಹಾಕುವ ರುಜುವನ್ನು ಸಾಕ್ಷಿಯ ರುಜು ಎಂದು ಲೆಕ್ಕಕ್ಕೆ ಹಿಡಿಯಬೇಡಿ.

ಇಬ್ಬರು ಸಾಕ್ಷಿಗಳೂ ತೀರಿಹೋಗಿದ್ದರೆ ಅಥವಾ ಸಿಗದಿದ್ದರೆ ದಾರಿಯಿದೆ: ಒಬ್ಬ ಸಾಕ್ಷಿಯ ಕೈಬರಹವನ್ನೂ ಉಯಿಲು ಮಾಡಿದವರ ರುಜುವನ್ನೂ ಅವನ್ನು ಬಲ್ಲವರಿಂದ ಸಾಬೀತುಪಡಿಸಬೇಕು. ಹಾಗಾಗಿ ಮರಣ ಪ್ರಮಾಣಪತ್ರ, ವಾಪಸಾದ ಸಮನ್ಸ್ ಜೋಪಾನ. ಸಾಕ್ಷಿ ತಿರುಗಿಬಿದ್ದರೆ ಬೇರೆ ಸಾಕ್ಷ್ಯ ತರಬಹುದು ನಿಜ, ಆದರೆ ಸಿಗುವ ಇನ್ನೊಬ್ಬ ಸಾಕ್ಷಿಯನ್ನು ಬಿಟ್ಟು ಆ ಬಾಗಿಲು ತಟ್ಟುವಂತಿಲ್ಲ.

ಎಕ್ಸಿಕ್ಯೂಟರ್ ಆದವರು ಇನ್ನೊಂದನ್ನು ಗಮನಿಸಬೇಕು. 1958ರಲ್ಲಿ ತೀರ್ಮಾನವಾದ ವೆಂಕಟಾಚಲ ಅಯ್ಯಂಗಾರ್ ಪ್ರಕರಣ ನಮ್ಮ ಮೈಸೂರು ಹೈಕೋರ್ಟಿನಿಂದಲೇ ಸುಪ್ರೀಂ ಕೋರ್ಟಿಗೆ ಹೋದದ್ದು. ಉಯಿಲು ಮಾಡಿಸುವುದರಲ್ಲಿ ಎಕ್ಸಿಕ್ಯೂಟರ್ ಮುಂದೆ ನಿಂತು ಓಡಾಡಿದ್ದರು, ಅವರ ಮಕ್ಕಳಿಗೆ ಗಣನೀಯ ಪಾಲು ಸಿಕ್ಕಿತ್ತು. ಇಂಥ ಕಡೆ ರುಜು ಸಾಬೀತಾದರೆ ಸಾಲದು, ಸಂಶಯವನ್ನು ನಿವಾರಿಸುವ ಹೊಣೆಯೂ ಉಯಿಲನ್ನು ಮುಂದಿಟ್ಟವರ ಮೇಲೇ ಎಂದು ಕೋರ್ಟ್ ಹೇಳಿತು. ಆ ಎಕ್ಸಿಕ್ಯೂಟರ್ ಸೋತರು. ಹೆಂಡತಿ ಮಕ್ಕಳನ್ನು ಕಾರಣ ಬರೆಯದೆ ಕೈಬಿಟ್ಟಿದ್ದರೆ, ನಡುಗುವ ರುಜುವಿದ್ದರೆ, ಉಯಿಲನ್ನು ವರ್ಷಗಟ್ಟಲೆ ಹೊರಗೆ ತೆಗೆಯದಿದ್ದರೆ ಉತ್ತರ ಮೊದಲೇ ಸಿದ್ಧವಿರಲಿ.

ಅರ್ಜಿಯ ವಿಷಯ ಹೆಚ್ಚಿಲ್ಲ. ಮೂಲ ಉಯಿಲು, ತೀರಿಕೊಂಡ ದಿನ, ಆಸ್ತಿಯ ಅಂದಾಜು ಮೌಲ್ಯ, ಉಯಿಲಿನಲ್ಲಿ ಹೆಸರಿಸಿದ ಎಕ್ಸಿಕ್ಯೂಟರ್ ಅರ್ಜಿದಾರರೇ ಎಂಬ ಮಾತು ಇರಬೇಕು. ಸಾಕ್ಷಿ ಸಿಗುವಂತಿದ್ದರೆ ಅವರ ದೃಢೀಕರಣವೂ ಅರ್ಜಿಯ ಮೇಲೆ ಬೇಕು. ಇದು ಸಾಮಾನ್ಯವಾಗಿ ಮರೆತುಹೋಗುತ್ತದೆ. ನೋಟಿಸ್ ಕೊಡಬೇಕಾದ ವಾರಸುದಾರರನ್ನು ಮರೆಮಾಚಿ ಪಡೆದ ಪ್ರೊಬೇಟ್ ಉತ್ತರಾಧಿಕಾರ ಕಾಯ್ದೆಯ 263ನೇ ಕಲಮಿನಡಿ ರದ್ದಾಗಬಹುದು. ಯಾರಾದರೂ ವಿರೋಧಿಸಿದರೆ ಅರ್ಜಿಯೇ ದಾವೆಯಂತೆ ನಡೆಯುತ್ತದೆ.

ಪ್ರೊಬೇಟ್ ಕೈಗೆ ಬಂದ ಮೇಲೆ 6 ತಿಂಗಳೊಳಗೆ ಆಸ್ತಿಪಟ್ಟಿ, 1 ವರ್ಷದೊಳಗೆ ಲೆಕ್ಕ ಸಲ್ಲಿಸಬೇಕು. ಉಯಿಲಿನಲ್ಲಿ ಬರೆದ ಆಸ್ತಿ ನಿಜಕ್ಕೂ ಉಯಿಲು ಮಾಡಿದವರದೇ ಆಗಿತ್ತೇ ಎಂಬ ಹಕ್ಕಿನ ಪ್ರಶ್ನೆಯನ್ನು ಪ್ರೊಬೇಟ್ ಕೋರ್ಟ್ ಮುಟ್ಟುವುದಿಲ್ಲ. ಪಿತ್ರಾರ್ಜಿತ ಎಂದು ಯಾರಾದರೂ ತಕರಾರು ತೆಗೆದರೆ ಅದಕ್ಕೆ ಬೇರೆಯೇ ದಾವೆ.